ಹೊರಗಿನ ಬೆಂಚು

"ಸ್ವಲ್ಪ ಈ ತುದಿ ಹಿಡ್ಕೋತೀರಾ?"

ತರಗತಿಯ ಬಾಗಿಲಲ್ಲಿ ಕಾಲಿಟ್ಟವಳ ಕೈಗೆ ಯಾರೋ ಅಪರಿಚಿತ ಅಳತೆಯ ಟೇಪು ತುರುಕಿಬಿಟ್ಟ!

ಅವಳು ಹಿಡಿದುಕೊಂಡಳು. ಯಾಕೆ ಹಿಡಿದುಕೊಂಡಳೋ ಅವಳಿಗೇ ಗೊತ್ತಿಲ್ಲ. ಹಾಜರಿ ಪುಸ್ತಕ, ಡಸ್ಟರ್ ಎರಡನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು, ಹೇಳಿದ ಮಾತು ಕೇಳುವ ಮಗುವಿನ ಹಾಗೆ ಟೇಪಿನ ತುದಿ ಹಿಡಿದು ನಿಂತಳು. ಅವನು ಹಿಂದಕ್ಕೆ ಹೆಜ್ಜೆ ಹಾಕುತ್ತಾ, ಬೆಂಚುಗಳ ನಡುವೆ ನುಸುಳುತ್ತಾ ಎದುರಿನ ಗೋಡೆಯವರೆಗೂ ಹೋದ.

"ಬಿಗಿಯಾಗಿ ಹಿಡೀರಿ... ಹಾಂ, ಹಾಗೇ. ಒಳ್ಳೇ ಅಗಲ ಇದೆ ಕಣ್ರೀ ಈ ಹಾಲು. ಸುಮ್ಮನೆ ವೇಸ್ಟ್ ಆಗ್ತಿದೆ."

"ಏನಂದ್ರಿ?"

"ಅಲ್ಲ, ಹಗಲೆಲ್ಲಾ ಬೀಗ ಹಾಕಿರ್ತಾರಂತೆ. ಕಂಪ್ಯೂಟರ್ ವಿಭಾಗದವರು ನಮಗೆ ಕೊಟ್ಟುಬಿಡಿ ಅಂತ ಕೇಳ್ತಿದ್ದಾರೆ..."

ಅವಳು ಟೇಪು ಬಿಟ್ಟಳು. ಅದು ಸರ್ರನೆ ಹಾಲಿನ ಉದ್ದಕ್ಕೂ ಹಾರಿ ಅವನ ಬೆರಳಿಗೆ ಫಟ್ಟನೆ ಹೊಡೆಯಿತು.

"ಅಯ್ಯಪ್ಪಾ!"

"ಯಾರ್ರೀ ನೀವು? ನನ್ನ ತರಗತಿ ಅಳೆಯೋಕೆ ನಿಮಗ್ಯಾರು ಹೇಳಿದ್ದು? ಅದೂ ನನ್ನ ಕೈಯಲ್ಲೇ ಟೇಪು ಹಿಡಿಸ್ಕೊಂಡು!"

ಅವನು ಬೆರಳನ್ನು ಬಾಯಿಗಿಟ್ಟುಕೊಂಡೇ ಪರಿಚಯ ಹೇಳಿಕೊಂಡ. ಈ ಸಮುದಾಯ ಕಾಲೇಜಿಗೆ ಹೊಸದಾಗಿ ಬಂದಿರುವ ಯೋಜನಾಧಿಕಾರಿ. ಮುಂದಿನ ಐದು ವರ್ಷಗಳಲ್ಲಿ ಯಾವ ವಿಭಾಗ ಬೆಳೆಯಬೇಕು, ಯಾವುದು ಚಿಕ್ಕದಾಗಬೇಕು, ಯಾವುದನ್ನು ಮುಚ್ಚಬೇಕು ಎಂದು ಯೋಜನೆ ಮಾಡಿಸುವುದು ಅವನ ಕೆಲಸ.

"ಎಲ್ಲರನ್ನೂ ಒಂದು ಪ್ರಶ್ನೆ ಕೇಳ್ತೀನಿ, ನಿಮ್ಮನ್ನೂ ಕೇಳಲಾ? ಐದು ವರ್ಷ ಆದ್ಮೇಲೆ ನೀವು ಎಲ್ಲಿರ್ತೀರಿ?"

"ಇಲ್ಲೇ! ಇದೇ ಬಾಗಿಲಲ್ಲಿ! ನೀವು ಎಲ್ಲಿರ್ತೀರೋ ಅದನ್ನ ಯೋಚನೆ ಮಾಡ್ಕೊಳ್ಳಿ!"

ಅವನು ನಕ್ಕುಬಿಟ್ಟ. ನಕ್ಕಾಗ ಅವನ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು, ಬಲಗೆನ್ನೆ ಗಂಭೀರವಾಗಿಯೇ ಇರುತ್ತಿತ್ತು. ಅಷ್ಟು ಕೋಪದಲ್ಲೂ ಅವಳು ಅದನ್ನು ಗಮನಿಸಿದಳು. ತೊಂದರೆ ಶುರುವಾಗಿದ್ದೇ ಅಲ್ಲಿಂದ.

ಕಾಲೇಜಿನಲ್ಲಿ ಅವಳನ್ನು ಎಲ್ಲರೂ ಸಂಜೆ ಟೀಚರ್ ಅನ್ನುತ್ತಿದ್ದರು. ಹಗಲು ದುಡಿದು ಸುಸ್ತಾದವರು, ಚಿಕ್ಕಂದಿನಲ್ಲಿ ಓದು ಬಿಟ್ಟವರು ಸಂಜೆ ಅವಳ ಹಾಲಿಗೆ ಬರುತ್ತಿದ್ದರು. ಬೇಕರಿಯವರು, ಬಸ್ ಕಂಡಕ್ಟರು, ಅಂಗಡಿಯ ಸೇಲ್ಸ್ ಹುಡುಗಿಯರು. ಒಂದೇ ಮನೆಯ ಅತ್ತೆ-ಸೊಸೆ ಕೂಡ ಬರುತ್ತಿದ್ದರು. ಇಬ್ಬರದೂ ಬೇರೆ ಬೇರೆ ಬೆಂಚು. ಟೀಚರ್ ಸೊಸೆಯ ಲೆಕ್ಕಕ್ಕೆ "ಭೇಷ್" ಎಂದರೆ ಸಾಕು, ಅತ್ತೆಯ ಪೆನ್ಸಿಲ್ ಮುರಿಯುತ್ತಿತ್ತು.

"ಅಮ್ಮಾ, ಅವಳಿಗೆ ಮಾರ್ಕ್ಸ್ ಬಂದ್ರೆ ನಿಮ್ಮದೇನೂ ಕಮ್ಮಿ ಆಗಲ್ಲ. ಹೊಟ್ಟೆ ಉರ್ಕೊಂಡ್ರೆ ಲೆಕ್ಕ ತಪ್ಪುತ್ತೆ ಅಷ್ಟೇ" ಎಂದು ಅವಳು ಬುದ್ಧಿ ಹೇಳುತ್ತಿದ್ದಳು.

ಹೌದು, ಹೇಳುತ್ತಿದ್ದಳು! ಆ ಮಾತು ನೆನಪಿಟ್ಟುಕೊಳ್ಳಿ.

ಟೇಪಿನ ಏಟು ತಿಂದ ಮಾರನೆಯ ಸಂಜೆ ಅವನು ಮತ್ತೆ ಬಂದ, ಈ ಸಲ ಬರಿಗೈಯಲ್ಲಿ. "ನಿನ್ನೆ ವೇಸ್ಟ್ ಅಂದಿದ್ದು ತಪ್ಪಾಯ್ತು" ಎಂದು ಬಾಗಿಲಲ್ಲೇ ನಿಂತು ಹೇಳಿದ. ಅದರ ಮಾರನೆಯ ದಿನವೂ ಬಂದ. ಆಮೇಲೆ ಪಾಠ ಮುಗಿಯುವ ಹೊತ್ತಿಗೆ ಅವನು ಗೇಟಿನ ಹತ್ತಿರ ನಿಂತಿರುವುದು, ಇಬ್ಬರೂ ಬಸ್ ಸ್ಟಾಪಿನವರೆಗೆ ನಡೆಯುವುದು ಅಭ್ಯಾಸವಾಗಿಹೋಯಿತು. ದಾರಿಯುದ್ದಕ್ಕೂ ಅವನು ಅವಳ ವಿದ್ಯಾರ್ಥಿಗಳ ಬಗ್ಗೆ ಕೇಳುತ್ತಿದ್ದ. ಅತ್ತೆಯ ಪೆನ್ಸಿಲಿನ ಸುದ್ದಿ ಕೇಳಿ ರಸ್ತೆಯಲ್ಲೇ ನಿಂತು ನಗುತ್ತಿದ್ದ. ಅವಳ ಬಸ್ ಬಂದರೂ ಅವಳು ಒಂದೊಂದು ದಿನ ಹತ್ತುತ್ತಿರಲಿಲ್ಲ.

"ಇದು ತುಂಬಾ ರಶ್ಶು. ಮುಂದಿನದಕ್ಕೆ ಹೋಗ್ತೀನಿ" ಅನ್ನುತ್ತಿದ್ದಳು. ಬಸ್ಸಿನಲ್ಲಿ ಅರ್ಧಕ್ಕರ್ಧ ಸೀಟು ಖಾಲಿ ಇರುತ್ತಿತ್ತು!

*

ಎಲ್ಲ ವಿಭಾಗದ ಮುಖ್ಯಸ್ಥರನ್ನೂ ಕೂರಿಸಿ ಯೋಜನೆಯ ಮೊದಲ ಸಭೆ ನಡೆದದ್ದು ಅದಾದ ಮೇಲೆ. ಅವನು ಎದ್ದು ನಿಂತು ಕೆಲಸದ ಕ್ರಮ ವಿವರಿಸಿದ. ಪ್ರತಿ ವಿಭಾಗದಲ್ಲೂ ಅವನು ಒಂದು ವಾರ ಹಿಂದಿನ ಬೆಂಚಿನಲ್ಲಿ ಕೂತು ಪರಿಶೀಲಿಸುತ್ತಾನೆ. ಕೊನೆಗೆ ದೊಡ್ಡ ಸಭೆ. ಆ ದಿನ ಪ್ರತಿ ಮುಖ್ಯಸ್ಥರೂ ತಮ್ಮ ವಿಭಾಗದ ಪರ ಮಾತಾಡಿ ಹೊರಗೆ ಹೋಗಬೇಕು, ಉಳಿದವರು ಕೈ ಎತ್ತಿ ತೀರ್ಮಾನಿಸುತ್ತಾರೆ.

"ಇನ್ನೊಂದು ನಿಯಮ ಇದೆ" ಎಂದ ಅವನು. "ಯಾರಿಗಾದ್ರೂ ಯಾವುದಾದ್ರೂ ವಿಭಾಗದಲ್ಲಿ ತಮ್ಮವರು ಅನ್ನೋರು ಇದ್ರೆ, ಅವರು ಆ ವಿಭಾಗದ ಪರಿಶೀಲನೆಗೂ ಹೋಗಬಾರದು, ಕೈಯೂ ಎತ್ತಬಾರದು. ಆ ವಿಷಯ ಬಂದಾಗ ಎದ್ದು ಹೊರಗೆ ಹೋಗಬೇಕು."

ಎಲ್ಲರೂ ಪ್ರಾಂಶುಪಾಲರನ್ನು ನೋಡಿದರು. ಬಡಗಿ ವಿಭಾಗದ ಮೇಷ್ಟ್ರು ಅವರ ಹೆಂಡತಿಯ ತಮ್ಮ.

"ಅಲ್ರೀ, ನನ್ನ ಭಾವಮೈದುನನ್ನ ಮನೆಗೆ ಕಳಿಸೋಕೆ ಜೀವಮಾನದಲ್ಲಿ ಒಂದೇ ಅವಕಾಶ ಸಿಕ್ಕಿತ್ತು. ಅದನ್ನೂ ಕಿತ್ಕೊಂಡ್ರಾ?" ಎಂದರು ಪ್ರಾಂಶುಪಾಲರು.

ಸಭೆ ನಗೆಯಲ್ಲಿ ತೇಲಿತು. ಅವಳೂ ನಕ್ಕಳು. ನಗುತ್ತಾ ಅವನ ಕಡೆ ನೋಡಿದಳು... ಅವನು ನಗುತ್ತಿರಲಿಲ್ಲ. ಅವಳತ್ತ ನೋಡುತ್ತಲೂ ಇರಲಿಲ್ಲ.

"ಸಂಜೆ ವಿಭಾಗ ಮಾತ್ರ ನಾನು ನೋಡಲ್ಲ. ಅಲ್ಲಿಗೆ ನರ್ಸಿಂಗ್ ಮೇಡಂ ಹೋಗ್ತಾರೆ" ಎಂದು ಹೇಳಿ ಕೂತುಬಿಟ್ಟ.

ಏನು...?

ಎಲ್ಲರ ವಿಭಾಗಕ್ಕೂ ಹೋಗುವವನು ನನ್ನದಕ್ಕೆ ಮಾತ್ರ ಬರುವುದಿಲ್ಲವೇ? ಮೊನ್ನೆ ತಾನೇ ರಸ್ತೆಯಲ್ಲಿ ನಿಂತು ಅತ್ತೆ-ಸೊಸೆಯರ ಕಥೆ ಕೇಳಿ ನಕ್ಕವನು?

ಆ ಸಂಜೆ ಗೇಟಿನ ಹತ್ತಿರ ಅವನಿರಲಿಲ್ಲ. ಮಾರನೆಯ ಸಂಜೆಯೂ ಇರಲಿಲ್ಲ. ಅವಳು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವ ನೆಪದಲ್ಲಿ ಗೇಟಿನಲ್ಲಿ ಕಾದಳು. ಎಷ್ಟು ಹೊತ್ತು ಅಂತ ಒಂದು ಪಟ್ಟಿ ಸರಿಮಾಡುವುದು? ಒಬ್ಬಳೇ ಸ್ಟಾಪಿಗೆ ನಡೆದು, ಮೊದಲು ಬಂದ ಬಸ್ಸನ್ನೇ ಹತ್ತಿದಳು. ಅದು ನಿಜವಾಗಿಯೂ ರಶ್ಶಾಗಿತ್ತು.

*

ನರ್ಸಿಂಗ್ ಮೇಡಂ ಆ ವರ್ಷವೇ ಕಾಲೇಜಿಗೆ ಬಂದವಳು. ಎತ್ತರದ ಹೆಂಗಸು, ಇಸ್ತ್ರಿ ಮುರಿಯದ ಬಿಳಿ ಕೋಟು. ಅವಳು ನಕ್ಕರೆ ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಕೇಳುತ್ತಿತ್ತು. ಮೊದಲು ಆ ನಗು ಸಂಜೆ ಟೀಚರ್‌ಗೆ ಇಷ್ಟವಾಗಿತ್ತು. ಈಗ ಅದೇ ನಗು ಕಿವಿಗೆ ಬಿದ್ದರೆ ಮೈಯೆಲ್ಲಾ ಪರಚಿಕೊಳ್ಳುವಂತಾಗುತ್ತಿತ್ತು.

ಯಾಕೆಂದರೆ ಆ ನಗುವಿನ ಪಕ್ಕದಲ್ಲಿ ಅವನಿರುತ್ತಿದ್ದ!

ಒಂದು ಮಧ್ಯಾಹ್ನ ಅವಳು ನರ್ಸಿಂಗ್ ಪ್ರಯೋಗಾಲಯದ ಮುಂದೆ ಹಾದುಹೋದಳು. ಕಿಟಕಿ ತೆರೆದಿತ್ತು. ಒಳಗೆ ಅವನು ಗೋಡೆಗೆ ಒರಗಿ ಅಳತೆ ಮಾಡುತ್ತಿದ್ದ. ಟೇಪಿನ ಇನ್ನೊಂದು ತುದಿ... ಆ ಬಿಳಿ ಕೋಟಿನವಳ ಕೈಯಲ್ಲಿತ್ತು.

"ಬಿಗಿಯಾಗಿ ಹಿಡೀರಿ... ಹಾಂ, ಹಾಗೇ" ಎಂದ ಅವನು.

ಅದೇ ಮಾತು! ಅದೇ ದನಿ!

ಅವಳಿಗೆ ಕಣ್ಣು ಮಂಜಾಯಿತು. ಒಂದು ಟೇಪಿಗೆ ಅಳುವವರು ಈ ಲೋಕದಲ್ಲಿ ಯಾರಾದರೂ ಇದ್ದಾರೆಯೇ? ಇದ್ದರು. ಸಿಬ್ಬಂದಿಯ ಕೈತೊಳೆಯುವ ಜಾಗದಲ್ಲಿ ಕೊಳಾಯಿ ಜೋರಾಗಿ ಬಿಟ್ಟುಕೊಂಡು ಅತ್ತು ಬಂದಳು.

ಮಾರನೆಯ ದಿನ ಆ ಕಡೆ ತಲೆ ಹಾಕುವುದಿಲ್ಲ ಎಂದು ಗಟ್ಟಿ ಮನಸ್ಸು ಮಾಡಿದಳು. ಕಾಲು ಮಾತ್ರ ಅಲ್ಲಿಗೇ ಹೋಯಿತು. ಬಾಗಿಲು ತಳ್ಳಿ, ಬಾಯಿಗೆ ಬಂದ ನೆಪ ಹೇಳಿದಳು.

"ಸೀಮೆಸುಣ್ಣ ಇದ್ಯಾ? ನಮ್ಮಲ್ಲಿ ಮುಗಿದಿದೆ."

ಒಳಗಿನ ದೃಶ್ಯ ನೋಡಿ ಅವಳ ಕಾಲು ನೆಲಕ್ಕೆ ಅಂಟಿಕೊಂಡಿತು. ಹಾಸಿಗೆಯ ಅಂಚಿನಲ್ಲಿ ಅವನು ಕೂತಿದ್ದ, ವಿದ್ಯಾರ್ಥಿನಿಯರ ಅಭ್ಯಾಸಕ್ಕೆ ಸಿಕ್ಕ ರೋಗಿ. ತಲೆಗೆ ಬ್ಯಾಂಡೇಜು. ನರ್ಸಿಂಗ್ ಮೇಡಂ ಅವನ ಮಣಿಕಟ್ಟು ಹಿಡಿದು, ನಾಡಿ ಎಣಿಸುವುದು ಹೇಗೆಂದು ಹುಡುಗಿಯರಿಗೆ ತೋರಿಸುತ್ತಿದ್ದಳು.

"ಅರೇ! ಈಗ ತಾನೇ ಸರಿಯಾಗಿತ್ತಲ್ಲಾ... ಇದ್ದಕ್ಕಿದ್ದ ಹಾಗೆ ನಾಡಿ ಹೀಗೆ ಓಡ್ತಿದೆ!" ಎಂದಳು ನರ್ಸಿಂಗ್ ಮೇಡಂ. ಅವನ ಮುಖ ನೋಡಿದಳು, ಬಾಗಿಲ ಕಡೆ ನೋಡಿದಳು, ಆ ಜೋರು ನಗು ನಕ್ಕಳು. "ಟೀಚರ್, ನಮ್ಮಲ್ಲಿ ಸೀಮೆಸುಣ್ಣ ಎಲ್ಲಿಂದ ಬರ್ಬೇಕು? ಬ್ಯಾಂಡೇಜ್ ಇದೆ, ಬೇಕಾ?"

"ಬೇಡ!"

ಓಡದೆ ಇನ್ನೇನು? ಹೀಗೆ ಕೈ ಹಿಡಿದುಕೊಂಡು ಕೂತರೆ ಯಾರ ನಾಡಿಯಾದರೂ ಓಡುತ್ತದೆ! ಅವಳು ಬಾಗಿಲನ್ನು ಎಷ್ಟು ಜೋರಾಗಿ ಎಳೆದುಕೊಂಡಳೆಂದರೆ ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರ ಅಲ್ಲಾಡಿತು.

ಎರಡಕ್ಕೆ ಎರಡು ಸೇರಿಸಿದರೆ ನಾಲ್ಕು ಎಂದು ಊರಿಗೆಲ್ಲಾ ಕಲಿಸುವ ಟೀಚರ್ ತನ್ನ ಲೆಕ್ಕಕ್ಕೆ ಬಂದಾಗ ಮೂರು ಬರೆದುಕೊಂಡು ಮನೆಗೆ ಹೋದಳು.

*

ಮನೆಯಲ್ಲಿ ಅತ್ತಿಗೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ತುಟಿಗಳ ನಡುವೆ ಗುಂಡುಸೂಜಿಗಳಿದ್ದರೂ ಅವಳ ಮಾತು ನಿಲ್ಲುತ್ತಿರಲಿಲ್ಲ.

"ಮುಖ ಯಾಕೆ ಊದಿಸ್ಕೊಂಡಿದ್ದೀಯಾ? ಯಾರ ಮೇಲೆ ಕೋಪ?"

"ಯಾರ ಮೇಲೂ ಇಲ್ಲ."

"ಹಾಗಾದ್ರೆ ಆ ಟವಲ್ಲನ್ನ ಯಾಕೆ ಹಿಂಡ್ತಿದ್ದೀಯಾ? ಅದು ಒಣಗಿದೆ."

ಅವಳು ಟವಲ್ ಕೆಳಗಿಟ್ಟಳು. ಆಮೇಲೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ಗೇಟು, ಬಸ್ಸು, ಟೇಪು, ನಾಡಿ...

ಅತ್ತಿಗೆ ಯಂತ್ರ ನಿಲ್ಲಿಸಿ, ಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. "ಮದುವೆಗೆ ಮುಂಚೆ ನಿಮ್ಮಣ್ಣ ಪಕ್ಕದ ಮನೆಯವಳಿಗೆ ಸೈಕಲ್ ತುಳಿಯೋದು ಕಲಿಸ್ತಿದ್ರು. ನಾನು ಆ ಸೈಕಲ್ಲಿನ ಗಾಳಿ ಎರಡು ಸಲ ತೆಗೆದುಬಿಟ್ಟಿದ್ದೆ. ಇವತ್ತಿಗೂ ಅವರಿಗೆ ಗೊತ್ತಿಲ್ಲ."

"ನನಗೇನೂ ಹೊಟ್ಟೆಕಿಚ್ಚಿಲ್ಲ ಅತ್ತಿಗೆ! ನನಗೆ ನನ್ನ ವಿಭಾಗದ ಚಿಂತೆ. ಅವಳು ಪರಿಶೀಲನೆಗೆ ಬರ್ತಾಳೆ, ಇವನಿಗೆ ಹೋಗಿ ಹೇಳ್ತಾಳೆ, ಇಬ್ರೂ ಸೇರಿ ನಮ್ಮನ್ನ ಮುಚ್ಚಿಸ್ತಾರೆ."

"ಸರಿ, ಹೊಟ್ಟೆಕಿಚ್ಚಿಲ್ಲ. ಅವನನ್ನ ನೇರವಾಗಿ ಕೇಳೋಕೆ ಏನು ಕಷ್ಟ?"

"ಕೇಳೋದಾ? ನಾನಾ? ನನಗೂ ಒಂದು ಮರ್ಯಾದೆ ಇದೆ!"

"ಇಟ್ಕೋ. ಮರ್ಯಾದೆ ಜೊತೆ ಬಸ್ ಸ್ಟಾಪಿಗೆ ನಡ್ಕೊಂಡು ಹೋಗು" ಎಂದು ಅತ್ತಿಗೆ ಮತ್ತೆ ಯಂತ್ರ ತುಳಿಯತೊಡಗಿದಳು.

*

ನರ್ಸಿಂಗ್ ಮೇಡಂ ಒಂದು ವಾರ ಸಂಜೆ ತರಗತಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತಳು. ಸಂಜೆ ಟೀಚರ್ ಒಂದು ದಿನವೂ ಅವಳ ಮುಖ ನೋಡಿ ಮಾತಾಡಲಿಲ್ಲ. ಕುರ್ಚಿ ಕೊಡಲಿಲ್ಲ, ನೀರು ಬೇಕಾ ಎಂದು ಕೇಳಲಿಲ್ಲ. ಅತ್ತೆ-ಸೊಸೆ ಮಾತ್ರ ಆಕೆಗೆ ತಮ್ಮ ನಡುವೆ ಜಾಗ ಕೊಟ್ಟರು. ಆಕೆ ನಡುವೆ ಕೂತ ಮೇಲೆ ಅವರಿಬ್ಬರೂ ಮೊದಲ ಬಾರಿಗೆ ಒಂದೇ ಬೆಂಚಿನಲ್ಲಿ ಕೂತಿದ್ದರು. ಕೊನೆಯ ದಿನ ಅತ್ತೆಯಿಂದ ಭಿನ್ನರಾಶಿ ಲೆಕ್ಕ ಮಾಡಿಸಿ, "ಭೇಷ್!" ಎಂದು ಬೆನ್ನು ತಟ್ಟಿದಳು ಆಕೆ.

ನನ್ನ ವಿದ್ಯಾರ್ಥಿಗಳನ್ನೂ ಕಿತ್ತುಕೊಂಡಳಾ...!

ಆ ಸಂಜೆ ಬಸ್ ಸ್ಟಾಪಿನಲ್ಲಿ ಅವನಿದ್ದ. ಎಷ್ಟೋ ದಿನಗಳ ನಂತರ. ಕಾಯುತ್ತಿದ್ದನೋ, ಸುಮ್ಮನೆ ನಿಂತಿದ್ದನೋ, ಅವಳಿಗೆ ತಿಳಿಯಲಿಲ್ಲ. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಇಟ್ಟುಕೊಳ್ಳಬೇಕಾದ ಮರ್ಯಾದೆಯನ್ನು ಅವಳು ಅಲ್ಲೇ ಬಿಟ್ಟಳು.

"ಎಲ್ಲರ ಬೆಂಚಲ್ಲೂ ಕೂತ್ರಿ. ಬಡಗಿ ವಿಭಾಗದಲ್ಲಿ ಮರದ ಪುಡಿ ಮೈಮೇಲೆ ಬಿದ್ರೂ ಕೂತ್ರಿ. ನನ್ನ ತರಗತಿ ಒಂದೇ ನಿಮಗೆ ಬೇಡವಾಯ್ತಾ?"

"ಹಾಗಲ್ಲ..."

"ಮತ್ತೆ ಹೇಗೆ?"

"ದೊಡ್ಡ ಸಭೆ ಮುಗೀಲಿ. ಎಲ್ಲಾ ಹೇಳ್ತೀನಿ. ಈಗ ನಾನು ಏನು ಹೇಳಿದ್ರೂ ನಿಮಗೇ ತೊಂದ್ರೆ."

"ಮುಚ್ಚೋದು ಅಂತ ಈಗ್ಲೇ ಗೊತ್ತಿದೆ ಅನ್ನಿ!"

"ಅದು ನನ್ನ ಕೈಯಲ್ಲಿಲ್ಲ. ಅದರಲ್ಲಿ ನಾನು ಇಲ್ಲವೇ ಇಲ್ಲ..."

"ಸರಿ. ನೀವು ಎಲ್ಲಿದ್ದೀರಿ ಅಂತ ನನಗೆ ಗೊತ್ತು. ಕಿಟಕಿಯಿಂದ ನೋಡಿದ್ದೀನಿ!"

ಬಸ್ ಬಂತು, ಅವಳು ಹತ್ತಿಬಿಟ್ಟಳು. ಹಿಂದಿನ ಗಾಜಿನಲ್ಲಿ ಅವನು ಚಿಕ್ಕದಾಗುತ್ತಾ ನಿಂತೇ ಇದ್ದ. ನೋಡಬಾರದು ಅಂದುಕೊಂಡೇ ತಿರುವಿನವರೆಗೂ ನೋಡಿದಳು.

*

ದೊಡ್ಡ ಸಭೆಯ ದಿನ ಬಂತು.

ಕೈ ಎತ್ತುವ ಹೊತ್ತು ಬಂದಾಗಲೆಲ್ಲಾ ಒಬ್ಬೊಬ್ಬ ಮುಖ್ಯಸ್ಥರು ಹೊರಗೆ ಹೋಗಿ ಕಾರಿಡಾರಿನ ಬೆಂಚಿನಲ್ಲಿ ಕೂರುತ್ತಿದ್ದರು. ಬಡಗಿ ವಿಭಾಗದ ವಿಷಯ ಬಂದಾಗ ಪ್ರಾಂಶುಪಾಲರೂ ಅವರ ಭಾವಮೈದುನನೂ ಒಟ್ಟಿಗೆ ಎದ್ದರು. ಅರ್ಧ ತೆರೆದ ಬಾಗಿಲಿನಿಂದ ಅವರ ಮಾತು ಕೇಳುತ್ತಿತ್ತು.

"ಭಾವ, ಆ ಬಿಸ್ಕತ್ತು ಇತ್ಲಾಗೆ ಕೊಡಿ."

"ಮೊದಲು ನಮ್ಮನೆ ಕಪಾಟಿನ ಬಾಗಿಲು ಯಾವಾಗ ಸರಿ ಮಾಡ್ತೀಯಾ ಹೇಳು."

ಎಲ್ಲರೂ ನಕ್ಕರು. ಸಂಜೆ ಟೀಚರ್ ನಗಲಿಲ್ಲ. ಎದುರು ಸಾಲಿನಲ್ಲಿ ನರ್ಸಿಂಗ್ ಮೇಡಂ ಅವನ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಅವನು ತಲೆ ಅಲ್ಲಾಡಿಸಿ, ಬೆವರು ಒರೆಸಿಕೊಳ್ಳುತ್ತಿದ್ದ. ಆಕೆ ಅವನ ತೋಳನ್ನು ಮೆಲ್ಲಗೆ ತಟ್ಟಿದಳು.

ಪ್ರಾಂಶುಪಾಲರು ಒಳಗೆ ಬಂದು ಕೂತರು. "ಮುಂದೆ ನರ್ಸಿಂಗ್ ವಿಭಾಗ. ಹೊಸ ಪ್ರಯೋಗಾಲಯ ಕೇಳಿದ್ದಾರೆ. ಆಮೇಲೆ ಸಂಜೆ ವಿಭಾಗ."

ಆಗ ಅವಳು ಎದ್ದು ನಿಂತಳು.

ಏನು ಮಾಡುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು. ತಪ್ಪೆಂದೂ ಗೊತ್ತಿತ್ತು. ಆದರೂ ಬಾಯಿ ನಿಲ್ಲಲಿಲ್ಲ.

"ಸಾರ್, ಒಂದು ಮಾತು. ನಿಯಮ ಎಲ್ಲರಿಗೂ ಒಂದೇ ತಾನೇ? ತಮ್ಮವರು ಅನ್ನೋರು ಇರೋ ವಿಭಾಗ ಬಂದಾಗ ಎದ್ದು ಹೋಗಬೇಕು. ಹಾಗಾದ್ರೆ ನರ್ಸಿಂಗ್ ವಿಷಯ ಬಂದಾಗ ಯೋಜನಾಧಿಕಾರಿಗಳೂ ಎದ್ದು ಹೋಗಬೇಕಲ್ವಾ?"

ನರ್ಸಿಂಗ್ ಮೇಡಂ ಹುಬ್ಬೇರಿಸಿದಳು. ಪ್ರಾಂಶುಪಾಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವನು ಮಾತ್ರ ಅವಳನ್ನೇ ನೋಡಿದ. ಎಷ್ಟೋ ವಾರಗಳ ನಂತರ, ಎಲ್ಲರ ಮುಂದೆ, ನೆಟ್ಟ ನೋಟದಿಂದ.

"ಇಲ್ಲ ಟೀಚರ್" ಎಂದ ಮೃದುವಾಗಿ. "ಆ ವಿಭಾಗದಲ್ಲಿ ನನ್ನವರು ಅನ್ನೋರು ಯಾರೂ ಇಲ್ಲ. ನಾನು ಏಳಲ್ಲ."

ಅವನು ಏಳಲಿಲ್ಲ. ನರ್ಸಿಂಗ್ ಮೇಡಂ ಮಾತಾಡಿ ಹೊರಗೆ ಹೋದಳು. ಅವನು ಕೂತಲ್ಲೇ ಕೂತು, ಖರ್ಚು ಹೆಚ್ಚಾಯಿತೆಂದು ಹೊಸ ಪ್ರಯೋಗಾಲಯಕ್ಕೆ ವಿರುದ್ಧವಾಗಿ ಕೈ ಎತ್ತಿದ! ಪ್ರಯೋಗಾಲಯ ಒಂದು ವರ್ಷ ಮುಂದೆ ಹೋಯಿತು. ಆಕೆ ಒಳಗೆ ಬಂದು ಸುದ್ದಿ ಕೇಳಿ, "ಪಾಪಿ" ಎಂದು ಅವನಿಗೆ ಕೇಳುವಂತೆಯೇ ಹೇಳಿ ಕೂತಳು.

ಸಂಜೆ ಟೀಚರ್‌ಗೆ ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಹಾಗಾದರೆ ಟೇಪು? ಹಾಗಾದರೆ ನಾಡಿ...?

"ಮುಂದಿನದು ಸಂಜೆ ವಿಭಾಗ" ಎಂದರು ಪ್ರಾಂಶುಪಾಲರು. "ಮುಚ್ಚಿ ಹಾಲನ್ನ ಕಂಪ್ಯೂಟರ್‌ನವರಿಗೆ ಕೊಡಬೇಕು ಅನ್ನೋದು ಪ್ರಸ್ತಾಪ. ಟೀಚರ್, ಬನ್ನಿ."

ಕುರ್ಚಿಯೊಂದು ಸರಿದ ಸದ್ದಾಯಿತು.

ಅವನು ಎದ್ದಿದ್ದ.

ಮೇಜಿನ ಮೇಲಿನ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು, ಸಾಲುಗಳ ನಡುವೆ ನಡೆದು ಬಾಗಿಲ ಕಡೆ ಹೊರಟ. ನನ್ನ ಮಾತು ಶುರುವಾಗುವ ಮುಂಚೆಯೇ ಎದ್ದು ಹೋಗುತ್ತಾನೆ! ಇಷ್ಟೊಂದು ತಾತ್ಸಾರವೇ? ಅವಳ ಕಿವಿ ಬಿಸಿಯಾಯಿತು. ಆದರೆ ಸಭೆಯಲ್ಲಿ ಎಲ್ಲರೂ ಯಾಕೆ ಅವಳನ್ನೇ ನೋಡುತ್ತಿದ್ದಾರೆ? ಬಡಗಿ ಮೇಷ್ಟ್ರು ಯಾಕೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಾರೆ?

ಪ್ರಾಂಶುಪಾಲರು ಗಂಟಲು ಸರಿಪಡಿಸಿಕೊಂಡರು. "ನಿಯಮ ಎಲ್ಲರಿಗೂ ಒಂದೇ, ಟೀಚರ್. ಈಗ ತಾನೇ ನೀವೇ ಹೇಳಿದ್ರಿ. ಅವರು ಮೊದಲ ಸಭೆಗೂ ಮುಂಚೆನೇ ನನ್ನ ಹತ್ರ ಬಂದು, ಈ ಒಂದು ವಿಭಾಗಕ್ಕೆ ನಾನು ಕಾಲಿಡಲ್ಲ, ನನ್ನ ಮನಸ್ಸು ಅಲ್ಲಿ ನ್ಯಾಯವಾಗಿರಲ್ಲ ಅಂದಿದ್ರು. ಯಾಕೆ ಅಂತ ನಾನು ಕೇಳ್ಲಿಲ್ಲ. ನನಗೂ ಕಣ್ಣಿದೆ."

ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಆ ಗೇಟು... ಆ ಒಂಟಿ ಬಸ್ಸು... 'ಅದರಲ್ಲಿ ನಾನು ಇಲ್ಲವೇ ಇಲ್ಲ' ಎಂಬ ಮಾತು... ಅಯ್ಯೋ ದೇವರೇ!

ಸಿದ್ಧ ಮಾಡಿಕೊಂಡು ಬಂದ ಭಾಷಣದ ಒಂದು ಅಕ್ಷರವೂ ನೆನಪಾಗಲಿಲ್ಲ.

"ನಾನು..." ಎಂದಳು. ನಿಂತಳು. ಎದುರಿಗೆ ನರ್ಸಿಂಗ್ ಮೇಡಂ ಅವಳಿಗೆ ಮಾತ್ರ ಕಾಣುವಂತೆ ತಲೆಯಾಡಿಸಿದಳು, ಹೇಳಿ ಎಂಬಂತೆ.

"ನಾನು ಈಗ ತಪ್ಪು ಮಾತಾಡಿದೆ. ಕ್ಷಮಿಸಿ. ನನ್ನ ತಪ್ಪಿಗೆ ನನ್ನ ವಿದ್ಯಾರ್ಥಿಗಳಿಗೆ ಶಿಕ್ಷೆ ಕೊಡಬೇಡಿ. ಅವರು ದಿನವಿಡೀ ದುಡಿದು, ನಿದ್ದೆಗಣ್ಣಲ್ಲಿ ಬಂದು ಕೂರ್ತಾರೆ. ಕಂಡಕ್ಟರ್ ಅಣ್ಣ ನಿಂತ್ಕೊಂಡೇ ಪಾಠ ಕೇಳ್ತಾರೆ, ಕೂತ್ರೆ ನಿದ್ದೆ ಬರುತ್ತೆ ಅಂತ. ಒಬ್ಬರು ಅತ್ತೆ ಸೊಸೆಗಿಂತ ಮುಂದೆ ಹೋಗಬೇಕು ಅಂತ ಭಿನ್ನರಾಶಿ ಕಲಿತಿದ್ದಾರೆ. ಹಗಲು ಆ ಹಾಲು ಕಂಪ್ಯೂಟರ್‌ನವರಿಗೆ ಕೊಡಿ, ಬೀಗದಕೈ ನಾನೇ ಕೊಡ್ತೀನಿ. ಸಂಜೆ ಮಾತ್ರ ನಮಗೆ ಬಿಡಿ. ಇವರು ಒಂದು ಸಲ ಓದು ಬಿಟ್ಟವರು. ಇನ್ನೊಂದು ಸಲ ಬಿಡಿಸಬೇಡಿ."

ಹೇಳಿ, ನಿಯಮದಂತೆ ಹೊರಗೆ ನಡೆದಳು.

*

ಕಾರಿಡಾರಿನಲ್ಲಿ ಒಂದೇ ಒಂದು ಬೆಂಚು. ಅದರ ಒಂದು ತುದಿಯಲ್ಲಿ ಅವನು ಕೂತಿದ್ದ. ಪಕ್ಕದಲ್ಲಿ ಭಾವ-ಮೈದುನರು ತಿಂದು ಉಳಿಸಿದ ಬಿಸ್ಕತ್ತಿನ ಪೊಟ್ಟಣ. ಅವಳು ಇನ್ನೊಂದು ತುದಿಯಲ್ಲಿ ಕೂತಳು.

ಬಾಗಿಲಾಚೆ ಚರ್ಚೆ ನಡೆದಿತ್ತು. ಏನೂ ಸ್ಪಷ್ಟವಾಗಿ ಕೇಳುತ್ತಿರಲಿಲ್ಲ.

"ನೀವು ಒಳಗಿದ್ದಿದ್ರೆ ನಮಗೆ ಒಂದು ಕೈ ಹೆಚ್ಚಾಗ್ತಿತ್ತು" ಎಂದಳು ಅವಳು ಎದುರಿನ ಗೋಡೆಗೆ.

"ಗೊತ್ತು. ಅದಕ್ಕೇ ರಾತ್ರಿಯೆಲ್ಲಾ ನಿದ್ದೆ ಬಂದಿಲ್ಲ." ಅವನೂ ಗೋಡೆಗೇ ಹೇಳಿದ. "ಆದ್ರೆ ನಾಳೆ ಯಾರಾದ್ರೂ, ಟೀಚರ್ ಅವನನ್ನ ಬುಟ್ಟಿಗೆ ಹಾಕ್ಕೊಂಡು ವಿಭಾಗ ಉಳಿಸ್ಕೊಂಡ್ಲು ಅಂದ್ರೆ? ನೀವು ಕಷ್ಟಪಟ್ಟು ಕಟ್ಟಿದ್ದು... ಅದು ನಿಮ್ಮ ದುಡಿಮೆಯಿಂದಲೇ ಉಳೀಬೇಕು ಅನ್ನಿಸ್ತು."

"ನನಗೆ ಹೇಳಬಹುದಿತ್ತಲ್ಲಾ!"

"ಹೇಳಿದ್ರೆ ಆಮೇಲೆ ಗೇಟ್ ಹತ್ರ ಬರದೇ ಇರೋಕೆ ನನ್ನಿಂದ ಆಗ್ತಿತ್ತಾ?"

ಅವಳು ಕಣ್ಣೊರೆಸಿಕೊಂಡಳು. "ಟೇಪು ಅವಳ ಕೈಗೆ ಕೊಟ್ರಿ..." ಎಂದಳು. ಹೇಳಿದ ಮೇಲೆ ತನ್ನ ದನಿ ಚಿಕ್ಕ ಹುಡುಗಿಯ ದನಿಯಂತಿದೆ ಎಂದು ಅವಳಿಗೇ ನಾಚಿಕೆಯಾಯಿತು.

ಅವನು ಅವಳ ಕಡೆ ತಿರುಗಿದ. "ಟೇಪಿಗೆ ಹೊಟ್ಟೆಕಿಚ್ಚಾ?"

"ಹೂಂ! ಟೇಪಿಗೆ, ನಾಡಿಗೆ, ಅವಳ ನಗುವಿಗೆ, ಅವಳ ಕೋಟಿಗೆ, ಎಲ್ಲಾದಕ್ಕೂ! ನಾನು ಎಷ್ಟು ಕೆಟ್ಟವಳಾಗಿದ್ದೆ ಗೊತ್ತಾ? ಒಂದು ವಾರ ಅವಳಿಗೆ ಒಂದು ಲೋಟ ನೀರೂ ಕೊಡ್ಲಿಲ್ಲ!"

ಅವನ ಎಡಗೆನ್ನೆಯಲ್ಲಿ ಗುಳಿ ಬಿತ್ತು. ಅಷ್ಟರಲ್ಲಿ ಅವಳ ಕಣ್ಣೀರು ನೋಡಿ ಅದು ಮಾಯವಾಯಿತು.

"ನನಗೆ ನೀವಂದ್ರೆ ಇಷ್ಟ" ಎಂದ. "ಆ ಟೇಪು ಬೆರಳಿಗೆ ಹೊಡೆದ ದಿನದಿಂದ. ಇದನ್ನ ಚೆನ್ನಾಗಿ ಹೇಳೋಕೆ ಯೋಜನೆ ಹಾಕಿದ್ದೆ. ಎಲ್ಲಾ ಮರೆತುಹೋಯ್ತು."

"ಪ್ಲಾನ್ ಮಾಡೋರೇ ಮರೆತ್ರೆ ಹೇಗೆ..." ಎಂದಳು ಅವಳು ಅಳುತ್ತಲೇ. ಬಿಸ್ಕತ್ತಿನ ಪೊಟ್ಟಣವನ್ನು ಎತ್ತಿ ನೆಲಕ್ಕಿಟ್ಟು, ಅದಿದ್ದ ಜಾಗಕ್ಕೆ ಸರಿದು ಕೂತಳು. "ನನಗೂ. ಅವತ್ತಿಂದಲೇ. ಎಡಗೆನ್ನೆ ಮಾತ್ರ ನಗುತ್ತಲ್ಲಾ... ಅವತ್ತಿಂದ."

ಬಾಗಿಲು ತೆರೆಯಿತು. ಹೊರಗೆ ಬಂದವಳು ನರ್ಸಿಂಗ್ ಮೇಡಂ. ಮುಖದಲ್ಲಿ ನಗುವಿಲ್ಲ. ಇಬ್ಬರೂ ಒಟ್ಟಿಗೆ ಎದ್ದು ನಿಂತರು.

"ಎರಡು ವರ್ಷ ಕೊಟ್ಟಿದ್ದಾರೆ" ಎಂದಳು ಆಕೆ. "ಹಗಲು ಕಂಪ್ಯೂಟರು, ಸಂಜೆ ನಿಮ್ಮದು. ಎರಡು ವರ್ಷ ಆದ್ಮೇಲೆ ಮತ್ತೆ ಪರಿಶೀಲನೆ, ಮತ್ತೆ ಸಭೆ. ಒಂದೇ ಒಂದು ಕೈಯಿಂದ ಉಳಿದಿದೆ."

"ಯಾರ ಕೈ?" ಸಂಜೆ ಟೀಚರ್ ಕೇಳಿದಳು. ಕೇಳುವಾಗಲೇ ಉತ್ತರ ಗೊತ್ತಿತ್ತು.

"ನೀರು ಸಿಗದವಳದು!" ಈಗ ಆಕೆ ನಕ್ಕಳು, ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಕೇಳುವ ಹಾಗೆ.

ಸಂಜೆ ಟೀಚರ್ ಹೋಗಿ ಆಕೆಯನ್ನು ತಬ್ಬಿಕೊಂಡಳು. ಬಿಳಿ ಕೋಟು ಮುದುರಿತು. "ನನ್ನನ್ನ ಕ್ಷಮಿಸ್ತೀರಾ? ನಾನು ಅಂದ್ಕೊಂಡಿದ್ದೆ, ನೀವು ಮತ್ತು ಅವರು..."

"ಇವರಾ? ಬೇಡಪ್ಪಾ! ಊಟ ಮಾಡುವಾಗಲೂ ನಿಮ್ಮ ಕಥೆ. ಟೀಚರ್ ಹೀಗಂದ್ರು, ಟೀಚರ್ ಹಾಗಂದ್ರು. ಹೋಗಿ ಅವರಿಗೇ ಹೇಳ್ರೀ ಅಂತ ಹೇಳಿ ಹೇಳಿ ನನಗೇ ಸಾಕಾಯ್ತು. ಅವತ್ತು ನೀವು ಬಾಗಿಲಲ್ಲಿ ಸೀಮೆಸುಣ್ಣ ಕೇಳಿದ್ರಲ್ಲಾ, ನಾಡಿ ಓಡಿದ್ದು ಆಗ! ನನ್ನ ಹುಡುಗಿಯರಿಗೆ ಅದಕ್ಕಿಂತ ಒಳ್ಳೇ ಪಾಠ ಇಲ್ಲ." ಆಕೆ ಕೋಟಿನ ಜೇಬಿನಿಂದ ಟೇಪನ್ನು ತೆಗೆದು ಸಂಜೆ ಟೀಚರ್ ಕೈಯಲ್ಲಿಟ್ಟಳು. "ಇವರು ನಮ್ಮ ಲ್ಯಾಬಲ್ಲಿ ಮರೆತು ಹೋಗಿದ್ರು. ಇನ್ನು ಈ ತುದಿ ನೀವೇ ಹಿಡ್ಕೊಳ್ಳಿ."

ಆಕೆ ಒಳಗೆ ಹೋದಳು. ಮುಂದಿನ ವಿಭಾಗದ ಹೆಸರು ಕರೆದದ್ದು ಕೇಳಿಸಿತು. ಅವನು ಹೋಗಬೇಕಿತ್ತು. ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟು ನಿಂತ, ತಿರುಗಿದ.

"ಇವತ್ತು ಗೇಟ್ ಹತ್ರ ಇರ್ತೀನಿ."

"ನನ್ನ ಪಾಠ ಮುಗಿಯೋದು ತಡ ಆಗುತ್ತೆ."

"ಆಗಲಿ."

ಅವಳು ಟೇಪನ್ನು ಎದೆಗೊತ್ತಿ ಹಿಡಿದುಕೊಂಡಳು. ಇದ್ದಕ್ಕಿದ್ದಂತೆ ತಲೆಗೆ ಒಂದು ಚಿಂತೆ ಹೊಕ್ಕಿತು.

"ಎರಡು ವರ್ಷ ಆದ್ಮೇಲೆ ಮತ್ತೆ ಸಭೆ ಇದೆಯಲ್ಲಾ... ಆಗ್ಲೂ ನೀವು ಕೈ ಎತ್ತಲ್ವಾ? ಆಗ್ಲೂ ಎದ್ದು ಹೊರಗೆ ಬರ್ತೀರಾ?"

"ಬರಲೇಬೇಕಲ್ಲ" ಎಂದ ಅವನು. ಈ ಸಲ ಬಲಗೆನ್ನೆಯೂ ನಕ್ಕಿತು. "ನಿಯಮದ ಪ್ರಕಾರ ಗಂಡನಾದವನು ಈ ಬೆಂಚಲ್ಲೇ ಕೂರಬೇಕು."

ಅವಳಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಕೆನ್ನೆಯೆಲ್ಲಾ ಕೆಂಪಾಯಿತು.

"ಹಾಗಾದ್ರೆ ಬಿಸ್ಕತ್ತು ನಾನು ತರ್ತೀನಿ" ಎಂದಳು.